ಉಪ್ಪನ ಬೆಲ್ಟು ಮತ್ತು ಬ್ಯಾಂಕಿನ ಮೊಬೈಲು

ನಮ್ಮ ಊರಿನ ಹಳೆಯ ವ್ಯಾಪಾರಿಗಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಸೊಂಟದ ಅಗಲವಾದ ಹಸಿರು ಬೆಲ್ಟು. ನನ್ನ ಉಪ್ಪನಿಗೂ ಒಂದಿತ್ತು. ಉಪ್ಪಳದಲ್ಲಿ ನಮ್ಮದು ಸಣ್ಣ ಜಿನಸು ಅಂಗಡಿ. ವಾರಕ್ಕೊಮ್ಮೆ ಉಪ್ಪ ಬೆಳಗ್ಗಿನ ಬಸ್ಸು ಹಿಡಿದು ಮಂಗಳೂರಿನ ಬಂದರಿಗೆ ಹೋಗುತ್ತಿದ್ದರು. ಅಕ್ಕಿ, ಮೆಣಸು, ಬೆಲ್ಲ, ಎಣ್ಣೆಯ ಹಳೆಯ ಲೆಕ್ಕ ತೀರಿಸಿ ಹೊಸ ಸಾಮಾನು ಲಾರಿಗೆ ಹಾಕಿಸಿ ಮಧ್ಯಾಹ್ನಕ್ಕೆ ಬರುತ್ತಿದ್ದರು. ವಾರದ ಹಣವೆಲ್ಲ ಆ ಬೆಲ್ಟಿನ ಕಿಸೆಯಲ್ಲಿ. ಹಬ್ಬದ ಸಮಯದಲ್ಲಿ ಕಟ್ಟು ದಪ್ಪವಾದರೆ ಮಾತ್ರ ಬಟ್ಟೆಯ ಚೀಲ.

2012ರ ರಂಜಾನ್ ತಿಂಗಳಿಗೆ ಸಾಮಾನು ತರಲು ಹೋದಾಗ ಆ ಚೀಲ ಬಸ್ಸಿನಲ್ಲಿ ಕಳೆದುಹೋಯಿತು. ಯಾರೋ ತೆಗೆದರೋ, ನೂಕುನುಗ್ಗಲಲ್ಲಿ ಜಾರಿ ಬಿತ್ತೋ, ಇವತ್ತಿಗೂ ಗೊತ್ತಿಲ್ಲ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಇಳಿದು ನೋಡಿದಾಗ ಇರಲಿಲ್ಲ. 42,000 ರೂಪಾಯಿ. ಬಂದರಿನ ಸಾಹುಕಾರರು ಒಳ್ಳೆಯವರು, ಸಾಲಕ್ಕೆ ಸಾಮಾನು ಕೊಟ್ಟರು. ಆ ಸಾಲ ತೀರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಉಪ್ಪ ಯಾರನ್ನೂ ಬೈಯಲಿಲ್ಲ. ಕೆಲವು ದಿನ ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ, ಅಷ್ಟೆ.

ನಾನು ಆಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಮರುವರ್ಷ ಜೊತೆಗೆ ಓದಿದ ಗೆಳೆಯನೊಬ್ಬ ಹೇಳಿದ: 'ಮೊಬೈಲಿನಿಂದ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಆ ಕ್ಷಣದಲ್ಲೇ ಹಣ ಹೋಗ್ತದೆ ಮಾರಾಯ, ಎರಡು ವರ್ಷ ಕಳೀತು.' ನಾನು ನಂಬಲಿಲ್ಲ. ವಿಚಾರಿಸಿದರೆ ನಿಜ. ಐಎಂಪಿಎಸ್ ಎಂಬ ಆ ಸೇವೆ ಶುರುವಾದದ್ದು 2010ರ ನವೆಂಬರ್ 22ರಂದು. ಉಪ್ಪನ ಚೀಲ ಕಳೆಯುವ ಇಪ್ಪತ್ತು ತಿಂಗಳ ಮೊದಲು. ಅದು ಇದೆ ಎಂದು ನಮಗೆ ಯಾಕೆ ಗೊತ್ತಾಗಲಿಲ್ಲ? ಆ ಪ್ರಶ್ನೆಯೇ ಈ ಬರಹ.

ಮೊದಲು ಒಂದು ಮಾತು. ಬ್ಯಾಂಕು ಎಂಬುದು ನಮ್ಮ ಕರಾವಳಿಗೆ ಹೊಸದಲ್ಲ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ಜಿಲ್ಲೆ ಭಾರತಕ್ಕೆ ಎಷ್ಟು ಬ್ಯಾಂಕುಗಳನ್ನು ಕೊಟ್ಟಿತೆಂದು ಲೆಕ್ಕ ಹಾಕಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. ಮೂಲ ಬಂಡವಾಳ 5,000 ರೂಪಾಯಿ, ಮೊದಲ ದಿನದ ಕೊನೆಗೆ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್.

ಇವುಗಳಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡು ಆಣೆ ಇದ್ದರೂ ಸಾಕು, ಬ್ಯಾಂಕಿನ ಮನುಷ್ಯ ಅಂಗಡಿ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ನಾನು ಚಿಕ್ಕವನಿದ್ದಾಗಲೂ ಸಂಜೆಯಾದರೆ ಪಿಗ್ಮಿಯವರು ಬರುತ್ತಿದ್ದರು. ಮೊದಲು ಕೈಬರಹದ ಪುಸ್ತಕ, ಆಮೇಲೆ ಚೀಟಿ ಕೊಡುವ ಸಣ್ಣ ಯಂತ್ರ. ಅಂದರೆ ನಮ್ಮ ಹಣವನ್ನು ಒಳಗೆ ತೆಗೆದುಕೊಳ್ಳಲು ಬ್ಯಾಂಕು ಬಾಗಿಲಿಗೆ ಬರಲು ಕಲಿತು ಎಂಬತ್ತು ವರ್ಷವಾಗಿತ್ತು. ಅದೇ ಹಣವನ್ನು ಬಂದರಿಗೆ ಕಳಿಸಲು ಮಾತ್ರ ಉಪ್ಪ ಬಸ್ಸು ಹತ್ತಬೇಕಾಗಿತ್ತು.

'ನೆಫ್ಟ್ ಇರಲಿಲ್ಲವೇ?' ಎಂದು ಕೇಳಬಹುದು. ಇತ್ತು, 2005ರಿಂದಲೇ. ಆದರೆ ಶಾಖೆಗೆ ಹೋಗಿ ಅರ್ಜಿ ತುಂಬಬೇಕು. ಭಾನುವಾರ ಇಲ್ಲ, ರಜಾದಿನ ಇಲ್ಲ, ಸಂಜೆಯಾದ ಮೇಲೆ ಇಲ್ಲ. ದಿನವಿಡೀ, ವಾರವಿಡೀ ನೆಫ್ಟ್ ಬಂದದ್ದು 2019ರ ಡಿಸೆಂಬರ್ 16ರಿಂದ. ಒಬ್ಬರೇ ನಡೆಸುವ ಅಂಗಡಿಯನ್ನು ಹಗಲು ಹೊತ್ತು ಮುಚ್ಚಿ ಹೋಗುವುದು ಹೇಗೆ? ಇನ್ನೂ ಒಂದು ಕಷ್ಟವಿತ್ತು. ಉಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ, ಐದನೇ ಕ್ಲಾಸಿನವರೆಗೆ. ಶಾಖೆಯಲ್ಲಿ ಇದ್ದದ್ದು ಇಂಗ್ಲಿಷ್, ಹಿಂದಿ, ಮಲಯಾಳದ ಅರ್ಜಿ. ಬ್ಯಾಂಕಿನಿಂದ ಬರುವ ಸಂದೇಶ ಇಂಗ್ಲಿಷಿನಲ್ಲಿ. ಯಾರನ್ನಾದರೂ ಬರೆದುಕೊಡಿ ಎಂದು ಕೇಳಲು ಅವರಿಗೆ ನಾಚಿಕೆ. ಗಡಿಯ ಈಚೆ ಇರುವ ನಮ್ಮ ಎಷ್ಟೋ ಹಿರಿಯರಿಗೆ ಬ್ಯಾಂಕಿನ ಕೌಂಟರ್ ದೂರವಾದದ್ದು ಹೀಗೆ.

ಈಗ ಮೊಬೈಲಿನ ಕತೆಗೆ ಬರೋಣ. 2007ರ ಮಾರ್ಚ್‌ನಲ್ಲಿ ಆಫ್ರಿಕಾದ ಕೀನ್ಯಾದಲ್ಲಿ ಸಫಾರಿಕಾಂ ಎಂಬ ಫೋನ್ ಕಂಪೆನಿ ಎಂ-ಪೇಸಾ ಶುರು ಮಾಡಿತು. ಬಟನ್ ಫೋನಿನಲ್ಲೇ ನಡೆಯುವ ಸೇವೆ. ಊರಿನ ಅಂಗಡಿಯವನೇ ಏಜೆಂಟ್. ಅವನ ಕೈಗೆ ನಗದು ಕೊಟ್ಟರೆ ಫೋನಿಗೆ ಹಣ ಬರುತ್ತದೆ, ಫೋನಿನಿಂದ ಕಳಿಸಿದರೆ ಊರಲ್ಲಿರುವ ತಾಯಿ ತನ್ನ ಹತ್ತಿರದ ಅಂಗಡಿಯಲ್ಲಿ ನಗದು ತೆಗೆದುಕೊಳ್ಳುತ್ತಾಳೆ. ಅಂಗಡಿಯವನಿಗೆ ಕಮಿಷನ್. ಅಲ್ಲಿಯ ಬ್ಯಾಂಕುಗಳಿಗೆ ಇದು ಹಿಡಿಸಲಿಲ್ಲ. 2008ರ ಕೊನೆಗೆ ಸರ್ಕಾರದಿಂದ ತಪಾಸಣೆಯೂ ಆಯಿತು. ಸೇವೆ ನಿಲ್ಲಲಿಲ್ಲ. ಅದನ್ನು ಓದುವಾಗಲೆಲ್ಲ ನಾನು ಯೋಚಿಸುವುದು, ಆ ಏಜೆಂಟ್ ನನ್ನ ಉಪ್ಪನಂಥವರೇ ಎಂದು.

ಭಾರತ ಬೇರೆ ದಾರಿ ಹಿಡಿಯಿತು. 2008ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಮೊಬೈಲ್ ಬ್ಯಾಂಕಿಂಗಿಗೆ ನಿಯಮ ಮಾಡಿತು. ಫೋನ್ ಕಂಪೆನಿ ಅಲ್ಲ, ಬ್ಯಾಂಕುಗಳೇ ಈ ಸೇವೆ ಕೊಡಬೇಕು. ಅದೂ ಕೋರ್ ಬ್ಯಾಂಕಿಂಗ್ ಇರುವ ಬ್ಯಾಂಕುಗಳು ಮಾತ್ರ. ದಿನಕ್ಕೆ ಒಬ್ಬ ಗ್ರಾಹಕ ಕಳಿಸಬಹುದಾದದ್ದು 5,000 ರೂಪಾಯಿ, ಸಾಮಾನು ಖರೀದಿಗಾದರೆ 10,000. 2009ರ ಡಿಸೆಂಬರಿನಲ್ಲಿ ಮಿತಿ 50,000ಕ್ಕೆ ಏರಿತು, 2011ರ ಡಿಸೆಂಬರಿನಲ್ಲಿ ಆ ಮಿತಿಯನ್ನೇ ತೆಗೆದು ಬ್ಯಾಂಕುಗಳ ವಿವೇಚನೆಗೆ ಬಿಟ್ಟರು. ಅಂದರೆ 2012ರಲ್ಲಿ ನಿಯಮ ಅಡ್ಡವಿರಲಿಲ್ಲ. 42,000 ರೂಪಾಯಿ ಫೋನಿನಲ್ಲಿ ಕಳಿಸುವುದಕ್ಕೆ ಕಾನೂನಿನ ತಡೆ ಇರಲಿಲ್ಲ.

ತಡೆ ಇದ್ದದ್ದು ಬ್ಯಾಂಕಿನೊಳಗೆ. 2013ರಲ್ಲಿ ನಾನೇ ಉಪ್ಪನ ಶಾಖೆಗೆ ಹೋದೆ. ಮೊಬೈಲ್ ಬ್ಯಾಂಕಿಂಗ್ ಬೇಕೆಂದರೆ ಕೌಂಟರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಜಿ ಹುಡುಕಲು ಅರ್ಧ ಗಂಟೆ. ಅರ್ಜಿಯಲ್ಲಿ ಉಪ್ಪ ಮಾಡಿದ ಸಹಿ ಖಾತೆ ತೆರೆದ ಕಾಲದ ಸಹಿಗೆ ಹೊಂದಲಿಲ್ಲ, ಇನ್ನೊಂದು ಸಲ ಬರಬೇಕಾಯಿತು. ಕೊನೆಗೆ ಎಂಎಂಐಡಿ ಎಂಬ ಏಳು ಅಂಕೆಯ ಸಂಖ್ಯೆ ಸಿಕ್ಕಿತು. ಫೋನ್ ನಂಬರಿಗೆ ಹಣ ಕಳಿಸಬೇಕಾದರೆ ಪಡೆಯುವವರ ಹತ್ತಿರವೂ ಅಂಥ ಸಂಖ್ಯೆ ಇರಬೇಕು. ಬಂದರಿನ ಸಾಹುಕಾರರನ್ನು ಕೇಳಿದರೆ, 'ಅದೆಂಥದು?' ಎಂದರು. ವರ್ಕ್‌ಶಾಪಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿನ ಒಂದು ತುದಿಗೆ ಥ್ರೆಡ್ ಹಾಕಿ ಇನ್ನೊಂದು ತುದಿಯನ್ನು ಹಾಗೇ ಬಿಟ್ಟರೆ ಕಪ್ಲಿಂಗ್ ಕೂರುವುದಿಲ್ಲ. ಖಾತೆ ನಂಬರಿಗೆ ಕಳಿಸುವ ದಾರಿಯೂ ಇದೆಯೆಂದು ಆ ಕೌಂಟರಿನಲ್ಲಿ ಯಾರೂ ಹೇಳಲಿಲ್ಲ. ಉಪ್ಪ ಮತ್ತೆ ಬೆಲ್ಟು ಕಟ್ಟಿದರು.

ಬ್ಯಾಂಕುಗಳು ಯಾಕೆ ಹೀಗೆ ಮಾಡಿದವು? ಕೆಟ್ಟತನದಿಂದ ಅಲ್ಲ ಎಂದು ಈಗ ಅನಿಸುತ್ತದೆ. ಸಣ್ಣ ಮೊತ್ತ ಕಳಿಸುವವರಿಂದ ಬ್ಯಾಂಕಿಗೆ ಬರುವ ಆದಾಯ ಕಡಿಮೆ. ಶಾಖೆಯ ನೌಕರರ ಕೆಲಸವನ್ನು ಠೇವಣಿ, ಸಾಲದ ಮೇಲೆ ಅಳೆಯುತ್ತಾರೆಯೇ ಹೊರತು ಎಷ್ಟು ಜನರಿಗೆ ಮೊಬೈಲ್ ಸೇವೆ ಕಲಿಸಿದರು ಎಂಬುದರ ಮೇಲಲ್ಲ. ಹಣ ತಪ್ಪಿಹೋದರೆ ಹೊಣೆ ಯಾರದು ಎಂಬ ಹೆದರಿಕೆಯೂ ಇತ್ತು. ಆ ಹೆದರಿಕೆ ಸುಳ್ಳಲ್ಲ. ಒಟಿಪಿ ಕೇಳಿ ಮೋಸ ಮಾಡುವವರಿಂದ ಹಣ ಕಳಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆದರೆ ಬಸ್ಸಿನಲ್ಲಿ ಕಳೆದ ಹಣ ಯಾವ ಬ್ಯಾಂಕಿನ ಲೆಕ್ಕದಲ್ಲೂ ನಷ್ಟವೆಂದು ಬರುವುದಿಲ್ಲ. ಆ ನಷ್ಟವನ್ನು ಅಂಗಡಿಯವನು ಒಬ್ಬನೇ ಹೊರುತ್ತಾನೆ. ಹಾಗಾಗಿ ತಡಮಾಡುವುದರಿಂದ ಬ್ಯಾಂಕಿಗೆ ಏನೂ ಹೋಗುತ್ತಿರಲಿಲ್ಲ.

2014ರ ಆಗಸ್ಟಿನಲ್ಲಿ ಬಟನ್ ಫೋನಿನಿಂದ *99# ಒತ್ತಿ ಎಲ್ಲ ಬ್ಯಾಂಕಿಗೂ ಹೋಗುವ ಸೇವೆ ದೇಶಕ್ಕೆ ಬಂತು. ನಮ್ಮ ಬೀದಿಯಲ್ಲಿ ಅದನ್ನು ಒತ್ತಿದವರನ್ನು ನಾನು ಕಾಣಲಿಲ್ಲ. 2016ರ ಏಪ್ರಿಲ್ 11ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ರಘುರಾಮ್ ರಾಜನ್ ಯುಪಿಐಯನ್ನು ಉದ್ಘಾಟಿಸಿದರು. ಜೊತೆಗಿದ್ದದ್ದು 21 ಬ್ಯಾಂಕುಗಳು. ಬ್ಯಾಂಕುಗಳ ಆ್ಯಪ್‌ಗಳು ಜನರ ಕೈಗೆ ಬರಲು ಆಗಸ್ಟ್ ತಿಂಗಳಾಯಿತು. ಬಂದ ಮೇಲೂ ಎಲ್ಲವೂ ಸಲೀಸಾಗಲಿಲ್ಲ. 2017ರ ಜನವರಿಯಲ್ಲಿ ಒಂದು ದೊಡ್ಡ ಖಾಸಗಿ ಬ್ಯಾಂಕು ಫೋನ್‌ಪೇಯ ವ್ಯವಹಾರಗಳನ್ನೇ ಸ್ವಲ್ಪ ಕಾಲ ತಡೆದಿತ್ತು.

ನಡುವೆ 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಉಪ್ಪನೂ ಸಾಲಿನಲ್ಲಿ ನಿಂತರು. ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಆ ಡಿಸೆಂಬರಿನಲ್ಲಿ ಇಡೀ ದೇಶದಲ್ಲಿ ಯುಪಿಐ ಮೂಲಕ ನಡೆದ ವ್ಯವಹಾರ ಸುಮಾರು 20 ಲಕ್ಷ. 2019ರ ಅಕ್ಟೋಬರಿನಲ್ಲಿ ತಿಂಗಳಿಗೆ 100 ಕೋಟಿ ದಾಟಿತು, 2023ರ ಆಗಸ್ಟಿನಲ್ಲಿ 1,000 ಕೋಟಿ. ಜನರಿಗೆ ಬೇಡವಾಗಿತ್ತು ಎಂದು ಇನ್ನು ಯಾರೂ ಹೇಳುವಂತಿಲ್ಲ.

ನಮ್ಮ ಅಂಗಡಿಗೆ ಕ್ಯೂಆರ್ ಕೋಡ್ ಬಂದದ್ದು 2018ರಲ್ಲಿ. ಅದರ ನಿಜವಾದ ಬೆಲೆ ಗೊತ್ತಾದದ್ದು 2020ರ ಮಾರ್ಚ್ ಕೊನೆಗೆ. ತಲಪಾಡಿಯಲ್ಲಿ ಕರ್ನಾಟಕ ರಸ್ತೆ ಮುಚ್ಚಿದ್ದು, ಒಳರಸ್ತೆಗಳಿಗೆ ಮಣ್ಣು ಸುರಿದದ್ದು, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮವರು ಪ್ರಾಣ ಬಿಟ್ಟದ್ದು ಈ ಬರಹ ಓದುವ ಯಾರಿಗೂ ಮರೆತಿರಲಿಕ್ಕಿಲ್ಲ. ಉಪ್ಪ ನಲವತ್ತು ವರ್ಷ ಹೋಗಿ ಬಂದ ದಾರಿ ಅದು. ಸಾಮಾನಿನ ಲಾರಿಗಳು ಬರತೊಡಗಿದ ಮೇಲೆ ಬಂದರಿನ ಸಾಹುಕಾರರ ಮಗ ವಾಟ್ಸಾಪಿನಲ್ಲಿ ಬಿಲ್ಲು ಕಳಿಸಿದ, ನಾನು ಫೋನಿನಿಂದ ಹಣ ಕಳಿಸಿದೆ. ಮನುಷ್ಯ ದಾಟಲಾಗದ ಗಡಿಯನ್ನು ಹಣ ದಾಟಿತು. ಅದೇ ಏಪ್ರಿಲ್ 1ರಂದು ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಪಿಗ್ಮಿಯ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ವಿಜಯಾ ಬ್ಯಾಂಕು ಹಿಂದಿನ ವರ್ಷವೇ ಬರೋಡಾ ಬ್ಯಾಂಕಿಗೆ ಸೇರಿತ್ತು.

ಗಲ್ಫಿನಲ್ಲಿರುವವರ ಸರದಿ ಇನ್ನೂ ತಡವಾಗಿ ಬಂತು. ನನ್ನ ಅಣ್ಣ ಶಾರ್ಜಾದಲ್ಲಿ. ಒಟಿಪಿ ಬರಲೆಂದೇ ಊರಿನ ಸಿಮ್ಮಿಗೆ ರೀಚಾರ್ಜ್ ಮಾಡಿಸಿ ಹಳೆಯ ಫೋನಿನಲ್ಲಿ ಹಾಕಿಟ್ಟಿದ್ದ. ಅಂಥ ಫೋನು ನಿಮ್ಮ ಮನೆಯವರ ಹತ್ತಿರವೂ ಇದ್ದೀತು. ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಬಳಸಬಹುದೆಂದು ಎನ್‌ಪಿಸಿಐ ಹೇಳಿದ್ದು 2023ರ ಜನವರಿಯಲ್ಲಿ. ಅಣ್ಣನ ಬ್ಯಾಂಕು ಅದನ್ನು ಜಾರಿಗೆ ತರಲು ಮತ್ತೆ ಒಂದು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತು. ಹಳೆಯ ಅಭ್ಯಾಸ.

ಉಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಕ್ಯಾಶಿನ ಹತ್ತಿರ ಕೂರುತ್ತಾರೆ, ಹಣ ಬಂದದ್ದನ್ನು ಪೆಟ್ಟಿಗೆ ಕೂಗಿ ಹೇಳಿದರೆ ತಲೆಯಾಡಿಸುತ್ತಾರೆ. ಕಳೆದ ವರ್ಷ ಒಂದು ಸಂಜೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನನ್ನು ಕೇಳಿದರು:

'ಆ ಹಣ ಹೋದ ವರ್ಷ ಇದು ಇತ್ತಾ?'

ಸುಳ್ಳು ಹೇಳಬಹುದಿತ್ತು. ಇತ್ತು ಎಂದೆ.

'ಯಾರಾದರೂ ಹೇಳಿದ್ದರೆ ಕಲಿಯುತ್ತಿದ್ದೆ' ಎಂದರು. ಮತ್ತೆ ಪೆನ್ನು ತೆಗೆದು ಸಾಲದ ಪುಸ್ತಕ ಬರೆಯತೊಡಗಿದರು.

ನಾನೂ ಆ ಹೇಳದವರಲ್ಲಿ ಒಬ್ಬ. ಓದಿದವನು, ಮಂಗಳೂರಿನಲ್ಲಿ ದುಡಿಯುತ್ತಿದ್ದವನು, ವಿಚಾರಿಸಲು ಹಣ ಹೋಗುವವರೆಗೆ ಕಾದೆ. ನಿಮ್ಮ ಮನೆಯಲ್ಲಿ ಇನ್ನೂ ನಗದು ಕಟ್ಟಿಕೊಂಡು ಬಸ್ಸು ಹತ್ತುವ ಹಿರಿಯರಿದ್ದರೆ ಈ ವಾರವೇ ಅವರ ಜೊತೆ ಕೂತುಕೊಳ್ಳಿ. ಕಳಿಸುವುದನ್ನೂ ಕಲಿಸಿ, ಪಿನ್ ಯಾರಿಗೂ ಹೇಳಬಾರದು, ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ ಎಂಬುದನ್ನೂ ಕಲಿಸಿ. ಅವರ ಹಳೆಯ ಪಾಸ್‌ಬುಕ್, ಪಿಗ್ಮಿ ಪುಸ್ತಕ ಇದ್ದರೆ ಬಿಸಾಡಬೇಡಿ. ನಮ್ಮವರ ವ್ಯಾಪಾರದ ಚರಿತ್ರೆ ಬರೆಯುವವರಿಗೆ ಮುಂದೆ ಅವೇ ಬೇಕಾಗುತ್ತವೆ. ನಮ್ಮ ಮನೆಯ ಕಪಾಟಿನಲ್ಲಿ ಅವುಗಳ ಜೊತೆ ಆ ಹಸಿರು ಬೆಲ್ಟೂ ಇದೆ.