ಬೆಳ್ಳೂರಿನಿಂದ ಇತವಾರಿಗೆ ಬಂದ ಕುರ್ಚಿ

ಇತವಾರಿಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ನಾನು ಧಾರವಾಡದಿಂದ ಬಂದು ಆರು ವರ್ಷವಾಯಿತು. ಕೆಳಗೆ ಹಮಾಲರು ದಿನವಿಡೀ ಮೂಟೆ ಹೊರುತ್ತಾರೆ, ಮೇಲೆ ನಾನು ಕಂಪ್ಯೂಟರಿನ ಮುಂದೆ ಹತ್ತು ತಾಸು ಕೂರುತ್ತೇನೆ. ಸೊಂಟ ಹಿಡಿದದ್ದು ಕೂತವನಿಗೆ.

"ಹಲಿಗಿ ಮ್ಯಾಲ ಮಲಕ್ಕೋಪಾ, ಅಳ್ಳಾಡಬ್ಯಾಡ" ಎಂದು ಅಪ್ಪ ಫೋನಿನಲ್ಲಿ ಹೇಳಿದರು. ಮೂರು ವಾರ ಹಾಗೇ ಮಲಗಿದೆ. ಎದ್ದಾಗ ಬೂಟಿನ ಲೇಸು ಕಟ್ಟಲೂ ಆಗಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗುವುದೊಂದೇ ದಾರಿ ಅನ್ನಿಸಿತು.

ಫಿಸಿಯೋಥೆರಪಿಸ್ಟ್ ಬಾಯಿ ಹೇಳಿದ್ದು ಬೇರೆ. ದಿನಾ ಗಾಂಧಿಬಾಗಿನವರೆಗೆ ನಡೆಯಬೇಕು, ತಾಸಿಗೊಮ್ಮೆ ಕುರ್ಚಿಯಲ್ಲೇ ಪಕ್ಕಕ್ಕೆ ತಿರುಗಿ ಕೂತು, ಬೆನ್ನಿನ ಆಸರೆ ಹಿಡಿದು ಮೈ ತಿರುಗಿಸಬೇಕು. "ಇದು ನಮ್ಮ ಪುಣೆಯ ಅಯ್ಯಂಗಾರರ ಪದ್ಧತಿ" ಎಂದರು. ನನಗೆ ನಗು ಬಂತು. ಪುಣೆಗೆ ಬರುವ ಮೊದಲು ಅದು ನಮ್ಮದಾಗಿತ್ತು.

ಬಿ.ಕೆ.ಎಸ್. ಅಯ್ಯಂಗಾರರು ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಹರಡಿದ್ದ ವರ್ಷ. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡ ಕಡ್ಡಿ ದೇಹ. ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. 1934ರಲ್ಲಿ ಹುಡುಗ ಅಲ್ಲಿಗೆ ಸೇರಿದ. ಅದೇ ವರ್ಷ ಕೃಷ್ಣಮಾಚಾರ್ಯರ 'ಯೋಗ ಮಕರಂದ' ಕನ್ನಡದಲ್ಲೇ ಹೊರಬಂತು.

1937ರಲ್ಲಿ ಗುರುಗಳು ಅವರನ್ನು ಕಲಿಸಲು ಪುಣೆಗೆ ಕಳಿಸಿದರು. ವಯಸ್ಸು ಹದಿನೆಂಟು, ಊರು ಪರಭಾಷೆಯದು. ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದವರು ಅಲ್ಲೇ ಉಳಿದರು. ಆಸನಕ್ಕೆ ದೇಹ ಬಗ್ಗದಿದ್ದರೆ ದೇಹವನ್ನು ಬಯ್ಯದೆ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕಂಬಳಿ, ಕುರ್ಚಿ ಕೊಟ್ಟರು. 1979ರ ಸ್ಕೂಟರ್ ಅಪಘಾತಗಳಲ್ಲಿ ಅವರದೇ ಬೆನ್ನು, ಭುಜ ಪೆಟ್ಟು ತಿಂದವು. ಅರವತ್ತು ದಾಟಿದ ಮನುಷ್ಯ ಅದೇ ಆಸರೆಗಳನ್ನು ಹಿಡಿದು ಮತ್ತೆ ಮೊದಲಿಂದ ಅಭ್ಯಾಸ ಮಾಡಿದರು.

ಹಾಸಿಗೆಯ ಮೇಲಿನ ನಂಬಿಕೆ ವೈದ್ಯರಲ್ಲೂ ನಿಧಾನವಾಗಿ ಕರಗಿತು. 1986ರಲ್ಲಿ ಅಮೆರಿಕದಲ್ಲಿ ಸೊಂಟನೋವು ಬಂದ 203 ಜನರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಹೆಚ್ಚು ಮಲಗಿ ಸಿಕ್ಕ ಲಾಭ ಏನೂ ಇರಲಿಲ್ಲ. ಎರಡು ದಿನದವರು ಕೆಲಸಕ್ಕೆ ಬೇಗ ಹೋದರು. ಹಳೆಯ ನೋವಿನ 90 ಜನರ ಮೇಲೆ ಅಯ್ಯಂಗಾರ್ ಯೋಗವನ್ನೇ 24 ವಾರ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ನೋವೂ ಕಡಿಮೆ, ಓಡಾಟಕ್ಕಿದ್ದ ಅಡ್ಡಿಯೂ ಕಡಿಮೆ. 2017ರಲ್ಲಿ ಅಮೆರಿಕದ ವೈದ್ಯರ ಸಂಘ ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗದಂಥವುಗಳನ್ನು ಸೂಚಿಸಿತು.

ಎಲ್ಲ ನೋವಿಗೂ ಇದೇ ಮದ್ದಲ್ಲ. ಕಾಲು ಸೋತರೆ, ಜೋಮು ಹೆಚ್ಚಿದರೆ, ಮೂತ್ರದ ಹಿಡಿತ ತಪ್ಪಿದರೆ ಮೊದಲು ಆಸ್ಪತ್ರೆಗೆ ಓಡಬೇಕು.

ನನ್ನ ನೋವು ಪೂರ್ತಿ ಹೋಗಿಲ್ಲ. ಮಾರ್ಚ್ ತಿಂಗಳ ಲೆಕ್ಕದ ಹೊತ್ತಿಗೆ ತಪ್ಪದೆ ಬರುತ್ತದೆ. ಆದರೆ ಅದು ಬಂದಾಗ ಮಲಗುವುದಿಲ್ಲ, ಕುರ್ಚಿ ತಿರುಗಿಸುತ್ತೇನೆ. ಊರಿಗೆ ಹೋದದ್ದು ರಜೆಗೆ ಮಾತ್ರ. ಹೋದಾಗ ಅಪ್ಪ, "ನನಗೂ ಅದನ್ನ ಒಂದಿಷ್ಟು ತೋರಸು" ಎಂದು ಅಡುಗೆಮನೆಯಿಂದ ಕುರ್ಚಿ ಎಳೆದುಕೊಂಡು ಬಂದರು.