ತಪ್ಪು ಹಿಡಿಯೋದು ಬೇರೆ, ತಿದ್ದೋದು ಬೇರೆ

ಎಚ್.ಡಿ. ಕೋಟೆ ಬಸ್ಸಲ್ಲಿ ಕೂತು ಕೇಳ್ತಿರೋರು ದಯವಿಟ್ಟು ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಕಾಡಿನ ಕಡೆ ತಿರುಗಿದ ಮೇಲೆ ನನ್ನ ದನಿ ಕಟ್ ಆಗುತ್ತೆ. ಇವತ್ತಿನ ವಿಷಯವೂ ಅದೇ. ಗದ್ದಲದ ದಾರೀಲಿ ಹೋದ ಸಣ್ಣ ಮೆಸೇಜ್ ಸರಿಯಾಗಿ ತಲುಪೋದು ಹೇಗೆ?

ಫೋನಲ್ಲಿ ನಿಮಗೆ "...ಣಸೂರು" ಅಂತಷ್ಟೇ ಕೇಳಿಸ್ತು ಅನ್ಕೊಳ್ಳಿ. ಹುಣಸೂರು ಅಂತ ಗೊತ್ತಾಗುತ್ತೆ ತಾನೆ? ಹೆಸರಲ್ಲಿ ಅಗತ್ಯಕ್ಕಿಂತ ಜಾಸ್ತಿ ಅಕ್ಷರ ಇರುತ್ತೆ, ಆ ಜಾಸ್ತಿನೇ ಕಾಪಾಡೋದು. ನಂಬರಿಗೆ ಆ ಭಾಗ್ಯ ಇಲ್ಲ. ಒಂದು ಅಂಕಿ ಬದಲಾದ್ರೆ ಅದೂ ಒಂದು ನಂಬರ್ರೇ.

ತಂತಿ ಕಳಿಸೋರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೋರ್ಸ್‌ನಲ್ಲಿ 5 ಅಂದ್ರೆ ಐದು ಚುಕ್ಕಿ, 4 ಅಂದ್ರೆ ನಾಲ್ಕು ಚುಕ್ಕಿ, ಒಂದು ಗೆರೆ. ಕೊನೇ ತಟ್ಟು ಸ್ವಲ್ಪ ಎಳೆದ್ರೆ ಐದು ನಾಲ್ಕಾಯ್ತು. ಅದಕ್ಕೇ ಅಂಕಿಗಳನ್ನ ಎರಡನೇ ಸಲ ಕಳಿಸೋ ಪದ್ಧತಿ ಬಂತು. ಆದ್ರೆ ಎರಡು ಸಲ ಬೇರೆ ಬೇರೆ ಬಂದ್ರೆ ಯಾವುದು ಸರಿ? ಮತ್ತೆ ಕೇಳಲೇಬೇಕು.

ನಾನು ಓದಿದ್ದು ಬಿ.ಕಾಂ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತೆ, ಎಲ್ಲಿ ಅಂತ ಗೊತ್ತಾಗಲ್ಲ. 1940ರ ದಶಕದ ಕೊನೇಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್‌ಗೂ ಇದೇ ಗೋಳು. ವಾರಾಂತ್ಯದಲ್ಲಿ ಕಂಪ್ಯೂಟರಿಗೆ ಲೆಕ್ಕ ಹಾಕಿ ಹೋಗ್ತಿದ್ರು, ಯಂತ್ರ ತಪ್ಪು ಕಂಡ ತಕ್ಷಣ ಅದನ್ನ ಕೈಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗಿಬಿಡ್ತಿತ್ತು. ಸೋಮವಾರ ಬಂದು ನೋಡಿದ್ರೆ ಕೆಲಸ ಅಲ್ಲೇ ಇದೆ. ತಪ್ಪಿದೆ ಅಂತ ಗೊತ್ತಾಗೋ ಯಂತ್ರಕ್ಕೆ ಎಲ್ಲಿ ಅಂತ ಯಾಕೆ ಗೊತ್ತಾಗಬಾರದು ಅನ್ನೋ ಸಿಟ್ಟಿನಿಂದ ಹುಟ್ಟಿದ್ದು ಅವರ 1950ರ ಪ್ರಬಂಧ.

ಲೆಕ್ಕದ ಪುಸ್ತಕದಲ್ಲಿ ಅಡ್ಡ ಸಾಲಿಗೂ ಉದ್ದ ಸಾಲಿಗೂ ಮೊತ್ತ ಹಾಕ್ತೀವಲ್ಲ? ತಾಳೆಯಾಗದ ಎರಡು ಸಾಲು ಸೇರೋ ಮನೇಲೇ ತಪ್ಪಿದೆ. ಐಡಿಯಾದ ಬೇರು ಇಷ್ಟೇ.

ನಮ್ಮ ತಾಲ್ಲೂಕುಗಳ ಮೇಲೇ ಪ್ರಯೋಗ ಮಾಡೋಣ. ಹುಣಸೂರು 00000, ಪಿರಿಯಾಪಟ್ಟಣ 01011, ಕೆ.ಆರ್. ನಗರ 10101, ಕೋಟೆ 11110. ನಾಲ್ಕು ಊರಿಗೆ ಎರಡು ಅಂಕಿ ಸಾಕಿತ್ತು, ಮೂರು ಜಾಸ್ತಿ ಕೊಟ್ಟಿದ್ದೀನಿ. ಈಗ 10111 ಅಂತ ಬಂತು. ಯಾವ ಊರೂ ಅಲ್ಲ, ಆದ್ರೆ ಒಂದೇ ಅಂಕಿ ದೂರದಲ್ಲಿರೋದು ಕೆ.ಆರ್. ನಗರ ಮಾತ್ರ. ಮತ್ತೆ ಕೇಳೋ ಹಾಗೇ ಇಲ್ಲ, ತಿದ್ಕೊಂಡಾಯ್ತು! ಆದ್ರೆ ಎರಡು ಅಂಕಿ ಕೆಟ್ಟು 11111 ಬಂದ್ರೆ? ಅದೇ ಧೈರ್ಯದಲ್ಲಿ ಕೋಟೆ ಅನ್ನುತ್ತೆ. ಇದನ್ನ ನೆನಪಿಟ್ಕೊಳ್ಳಿ.

ಒಂದಕ್ಕಿಂತ ಹೆಚ್ಚು ತಪ್ಪನ್ನ ತಿದ್ದೋ ದಾರಿ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಆರ್.ಸಿ. ಬೋಸ್ ಪಳಗಿದ್ದು ಪ್ರಯೋಗ ವಿನ್ಯಾಸದ ಗಣಿತದಲ್ಲಿ, ಅಂದ್ರೆ ಹೊಲದ ಯಾವ ಪಾತಿಗೆ ಯಾವ ತಳಿ ಹಾಕಿ ಹೋಲಿಸಬೇಕು ಅನ್ನೋ ಲೆಕ್ಕದಲ್ಲಿ. ಆಮೇಲೆ ಅಮೆರಿಕಕ್ಕೆ ಹೋಗಿ, 1960ರಲ್ಲಿ ಡಿ.ಕೆ. ರೇ-ಚೌಧುರಿ ಜೊತೆ ಸೇರಿ ಈ ಕೋಡ್ ಪ್ರಕಟಿಸಿದ್ರು. ಫ್ರಾನ್ಸ್‌ನ ಓಕೆಂಗೆಮ್ 1959ರಲ್ಲೇ ಅಲ್ಲಿಗೆ ಬಂದಿದ್ರು. ಮೂವರ ಹೆಸರೂ ಸೇರಿ ಬಿಸಿಎಚ್ ಕೋಡ್. ಹುಣಸೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಕ್ಯೂಆರ್ ಇದೆಯಲ್ಲ, ಅದರ ಮೂಲೆಯ ಚೌಕಗಳ ಪಕ್ಕದ ಚುಕ್ಕಿಗಳಲ್ಲಿ ಈ ಕೋಡ್ ಕೂತಿದೆ. ಉಳಿದ ಮೈಗೆ ರೀಡ್-ಸಾಲೊಮನ್ ಕೋಡ್, ಟೀ ಕಲೆ ಬಿದ್ರೂ ಸ್ಕ್ಯಾನ್ ಆಗೋದು ಅದರಿಂದ.

ಆಧಾರ್ ಕಥೆ ಬೇರೆ. 12ನೇ ಅಂಕಿ ಬರೀ ಕಾವಲುಗಾರ. ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಕೊಟ್ಟ ವಿಧಾನ ಅದು. ಒಂದು ಅಂಕಿ ತಪ್ಪಿದ್ರೆ, ಅಕ್ಕಪಕ್ಕದ ಎರಡು ಅದಲುಬದಲಾದ್ರೆ ಖಂಡಿತ ಹಿಡಿಯುತ್ತೆ. ಆದ್ರೆ ತಿದ್ದಲ್ಲ. ಹಣದ ವಿಷಯದಲ್ಲಿ ಇದೇ ಸರಿ ಅಂತ ನನಗೂ ಅನ್ಸುತ್ತೆ. 11111ನ್ನ ಕೋಟೆ ಅಂದ ಹಾಗೆ ಯಂತ್ರ ಊಹಿಸಿದ್ರೆ ಒಬ್ಬರ ಪಿಂಚಣಿ ಇನ್ನೊಬ್ಬರಿಗೆ ಹೋಗಬಹುದು.

ಆದ್ರೆ ತಿದ್ದೋ ಕೆಲಸ ಆಗ ಯಾರ ಮೇಲೆ ಬೀಳುತ್ತೆ? ಕೋಟೆ ತಾಲ್ಲೂಕಿನ ಹಾಡಿಯಿಂದ ಕೂಲಿ ಬಿಟ್ಟು ಬಸ್ ಹಿಡಿದು ಬಂದ ಅಜ್ಜಿಗೆ ಕೌಂಟರಿನಲ್ಲಿ "ನಂಬರ್ ತಪ್ಪಿದೆ, ಕಾರ್ಡ್ ತಗೊಂಡು ನಾಳೆ ಬನ್ನಿ" ಅಂತಾರೆ. ಆ ನಾಳೆಯ ಕೂಲಿ, ಬಸ್ ಚಾರ್ಜು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.