ಸೀಮೆಎಣ್ಣೆ ಡಬ್ಬಿಯಿಂದ ಡೀಸೆಲ್ ಟ್ಯಾಂಕಿನವರೆಗೆ: ಎಣ್ಣೆ ತೆರಿಗೆ ನಡೆದು ಬಂದ ದಾರಿ



ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಷೇರು, ಸಾಲ, ಠೇವಣಿಗಳ ಲೆಕ್ಕವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ನಾವಿಲ್ಲಿ ಬರೆಯಹೊರಟಿರುವುದು ಇನ್ನೊಂದು ಲೆಕ್ಕ. ಅದು ಯಾರ ಪಾಸ್‌ಬುಕ್ಕಿನಲ್ಲೂ ಇಲ್ಲ. ಆದರೆ ನಮ್ಮೆಲ್ಲರ ಜೇಬಿನಿಂದ ದಿನಾ ಹೋಗುತ್ತಲೇ ಇದೆ.

"ನಮಗೆ ಗಾಡಿಯೇ ಇಲ್ಲ, ಡೀಸೆಲ್ ರೇಟು ಏರಿದರೆ ನಮಗೇನಂತೆ?" ಎನ್ನುವವರು ಊರಲ್ಲಿ ಇದ್ದಾರೆ. ಗಾಡಿ ಇಲ್ಲದವನೂ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಹೊಲ ಉಳಿಸುತ್ತಾನೆ. ಗೊಬ್ಬರದ ಚೀಲ ಲಾರಿಯಲ್ಲಿ ಬರುತ್ತದೆ, ಟೊಮೆಟೊ ಕ್ರೇಟು ಟೆಂಪೋದಲ್ಲಿ ಮಂಡಿಗೆ ಹೋಗುತ್ತದೆ. ಲಾರಿಯವನು ಕಟ್ಟಿದ ಸುಂಕವನ್ನು ಲಾರಿಯವನೇ ಇಟ್ಟುಕೊಳ್ಳುವುದಿಲ್ಲ. ಅದು ಕೈಯಿಂದ ಕೈಗೆ ದಾಟಿ ಕೊನೆಗೆ ಕೊಳ್ಳುವವನ ತಲೆಯ ಮೇಲೆ ಕೂರುತ್ತದೆ. ನಾವು ಮಾಲು ಮಾರುವಾಗ ಮಾತ್ರ ರೇಟು ಕಟ್ಟುವವನು ಮಂಡಿಯವನು. ಹೀಗಾಗಿ ರೈತನಿಗೆ ಎರಡೂ ಕಡೆ ಪೆಟ್ಟು.

ಇಂಥ ತೆರಿಗೆ ನಮ್ಮ ಹಿರಿಯರಿಗೆ ಹೊಸದಲ್ಲ. ಬ್ರಿಟಿಷರು ಉಪ್ಪಿಗೆ ಹಾಕಿದ ಕರವೂ ಹೀಗೇ ಇತ್ತು. ಸಾಹುಕಾರನ ಸಾರಿಗೂ ಕೂಲಿಯವನ ಗಂಜಿಗೂ ಒಂದೇ ಕರ. ಅದನ್ನು ವಿರೋಧಿಸಿ 1930ರ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. 1947ರಲ್ಲಿ ಉಪ್ಪಿನ ಕರ ಹೋಯಿತು. ಎಣ್ಣೆಯ ಕರ ಉಳಿಯಿತು, ಬೆಳೆಯಿತು.

ಬ್ರಿಟಿಷ್ ಸರ್ಕಾರ ಪೆಟ್ರೋಲಿನ ಮೇಲೆ ಅಬಕಾರಿ ಸುಂಕ ಹಾಕಿದ್ದು 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ. ಆಗ ಮೋಟಾರು ಇದ್ದವರು ರಾಜರು, ದೊರೆಗಳು, ದೊಡ್ಡ ವ್ಯಾಪಾರಿಗಳು. ಬಡವನಿಗೆ ಅದು ತಟ್ಟಲಿಲ್ಲ. ಆದರೆ 1922ರಲ್ಲಿ ಸೀಮೆಎಣ್ಣೆಯ ಮೇಲೂ ಸುಂಕ ಬಿತ್ತು. ಅಲ್ಲಿಂದ ಬುಡ್ಡಿ ದೀಪ ಹಚ್ಚುವವನೂ ಎಣ್ಣೆ ತೆರಿಗೆ ಕಟ್ಟುವವನಾದ. 1927ರಲ್ಲಿ ಜಯಕರ್ ಸಮಿತಿ ನೇಮಕವಾಗಿ, ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ ರಸ್ತೆ ನಿಧಿ ಆರಂಭಿಸಿದರು. ರಸ್ತೆ ಬಳಸುವವನೇ ರಸ್ತೆಗೆ ದುಡ್ಡು ಕೊಡಲಿ ಎಂಬ ನ್ಯಾಯ ಅದು.

ಸ್ವಾತಂತ್ರ್ಯ ಬಂದ ಮೇಲೆ ಸುಂಕ ಕೇಂದ್ರಕ್ಕೆ, ಮಾರಾಟ ತೆರಿಗೆ ರಾಜ್ಯಕ್ಕೆ ಎಂದು ಸಂವಿಧಾನವು ಹಂಚಿತು. ಒಂದೇ ಲೀಟರಿನಲ್ಲಿ ಇಬ್ಬರದೂ ಪಾಲು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದಾಗ ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಬೆಲೆಯೇರಿಕೆ ಪ್ರತಿಭಟಿಸಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಹೋದರು. ಎಣ್ಣೆ ಉಳಿಸಿರೆಂದು ಹೇಳಲು ಪ್ರಧಾನಿ ಇಂದಿರಾ ಗಾಂಧಿಯವರೂ ಕುದುರೆಗಾಡಿ ಏರಿದ್ದರು.

ಆಮೇಲೆ ಸರ್ಕಾರವೇ ಬೆಲೆ ಕಟ್ಟುವ ಪದ್ಧತಿ ಗಟ್ಟಿಯಾಯಿತು. ಪೆಟ್ರೋಲಿಗೆ ಹೆಚ್ಚು ಬೆಲೆ ಇಟ್ಟು, ಬಡವನ ಸೀಮೆಎಣ್ಣೆಗೆ ಕಡಿಮೆ ಇಟ್ಟರು. ನ್ಯಾಯಬೆಲೆ ಅಂಗಡಿಯ ಮುಂದೆ ರೇಷನ್ ಕಾರ್ಡು, ಡಬ್ಬಿ ಹಿಡಿದು ಸಾಲು ನಿಂತ ಕಾಲ ಅದು. ಉದ್ದೇಶ ಒಳ್ಳೆಯದೇ. ಆದರೆ ಅಗ್ಗದ ನೀಲಿ ಸೀಮೆಎಣ್ಣೆ ಬಡವನ ಲಾಟೀನಿಗೆ ಬರುವ ಮೊದಲೇ ಎಷ್ಟೋ ಕಡೆ ಡೀಸೆಲಿಗೆ ಬೆರಕೆಯಾಯಿತು. ಅಗ್ಗದ ಬೆಲೆಯೂ ಪುಕ್ಕಟೆಯಲ್ಲ. 2005ರ ನಂತರ ಕೆಲವು ವರ್ಷ ಕೇಂದ್ರವು ಎಣ್ಣೆ ಕಂಪನಿಗಳ ನಷ್ಟಕ್ಕೆ ಬಾಂಡು ಬರೆದುಕೊಟ್ಟಿತು. ಆ ಸಾಲ 1.3 ಲಕ್ಷ ಕೋಟಿ ರೂಪಾಯಿ ದಾಟಿತು. ಸಾಲವೆಂದರೆ ಏನೆಂದು ಸಹಕಾರ ಸಂಘದ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರ ಬೆಲೆ ಕಟ್ಟುವ ಪದ್ಧತಿಯನ್ನು 2002ರ ಏಪ್ರಿಲಿನಲ್ಲಿ ಕೈಬಿಟ್ಟರೂ ಹಿಡಿತ ಪೂರ್ತಿ ಬಿಡಲಿಲ್ಲ. 2010ರ ಜೂನಿನಲ್ಲಿ ಪೆಟ್ರೋಲನ್ನು, 2014ರ ಅಕ್ಟೋಬರಿನಲ್ಲಿ ಡೀಸೆಲನ್ನು ಮಾರುಕಟ್ಟೆಗೆ ಬಿಟ್ಟರು. "ಹೊರಗೆ ಬೆಲೆ ಏರಿದರೆ ಇಲ್ಲೂ ಏರುತ್ತದೆ, ಇಳಿದರೆ ಇಳಿಯುತ್ತದೆ" ಎಂದು ಜನ ತಿಳಿದರು. ಆಗಿದ್ದೇ ಬೇರೆ. 2014ರ ಮಧ್ಯದಲ್ಲಿ 100 ಡಾಲರಿಗೂ ಮೇಲಿದ್ದ ಕಚ್ಚಾ ಎಣ್ಣೆ 2016ರ ಜನವರಿಯಲ್ಲಿ 30 ಡಾಲರಿಗೂ ಕೆಳಗೆ ಬಂತು. ಆ ಅವಧಿಯಲ್ಲಿ ಕೇಂದ್ರದ ಸುಂಕ ಒಂಬತ್ತು ಸಲ ಏರಿತು. ಪೆಟ್ರೋಲಿಗೆ ಲೀಟರಿಗೆ ಒಟ್ಟು 11 ರೂ. 77 ಪೈಸೆ, ಡೀಸೆಲಿಗೆ 13 ರೂ. 47 ಪೈಸೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

2020ರಲ್ಲಿ ಕೊರೋನಾ ಬಂದು ಲೋಕವೇ ಬಾಗಿಲು ಹಾಕಿದಾಗ ಕಚ್ಚಾ ಎಣ್ಣೆ ಮತ್ತೆ ನೆಲ ಕಚ್ಚಿತು. ಮೇ 6ರಂದು ಕೇಂದ್ರವು ಪೆಟ್ರೋಲಿಗೆ 10 ರೂ., ಡೀಸೆಲಿಗೆ 13 ರೂ. ಏರಿಸಿತು. ಡೀಸೆಲಿನ ಕೇಂದ್ರ ಸುಂಕ ಲೀಟರಿಗೆ 31 ರೂ. 83 ಪೈಸೆಯಾಯಿತು. ರಾಜ್ಯವೂ ಹಿಂದೆ ಬೀಳಲಿಲ್ಲ. ಆ ಏಪ್ರಿಲಿನಲ್ಲೇ ಕರ್ನಾಟಕದ ಮಾರಾಟ ತೆರಿಗೆ ಪೆಟ್ರೋಲಿಗೆ ಶೇ. 35, ಡೀಸೆಲಿಗೆ ಶೇ. 24 ಆಗಿತ್ತು. ಈ ಶೇಕಡಾ ಲೆಕ್ಕ ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ, ಅಂದರೆ ತೆರಿಗೆಯ ಮೇಲೆ ತೆರಿಗೆ. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ 100 ರೂಪಾಯಿ ದಾಟಿತು.

ಅಂದಿನ ದರದಲ್ಲಿ ಒಂದು ಲೆಕ್ಕ ಹಾಕೋಣ. ಟ್ರ್ಯಾಕ್ಟರು ಗಂಟೆಗೆ 5 ಲೀಟರು ಕುಡಿದರೆ ಕೇಂದ್ರದ ಸುಂಕವೇ ಗಂಟೆಗೆ 159 ರೂಪಾಯಿ. ನಾಲ್ಕು ಗಂಟೆ ಉತ್ತರೆ 636 ರೂಪಾಯಿ. ರಾಜ್ಯದ ಪಾಲು ಬೇರೆ. ಬೀಜ ಮಣ್ಣಿಗೆ ಬೀಳುವ ಮೊದಲೇ, ಮಳೆ ಬರುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಕಟ್ಟಿ ಮುಗಿಸುವ ತೆರಿಗೆ ಇದು. ಆದಾಯ ತೆರಿಗೆ ಲಾಭ ನೋಡಿ ಬರುತ್ತದೆ. ಇದಕ್ಕೆ ಲಾಭವೂ ಒಂದೇ, ನಷ್ಟವೂ ಒಂದೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ!

ಇನ್ನೊಂದು ಸಂಗತಿಯನ್ನೂ ಸದಸ್ಯರು ಗಮನಿಸಬೇಕು. ಆ 31 ರೂ. 83 ಪೈಸೆಯಲ್ಲಿ 18 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯದ ಸೆಸ್, 9 ರೂಪಾಯಿ ವಿಶೇಷ ಹೆಚ್ಚುವರಿ ಸುಂಕ. ಇವೆರಡರಲ್ಲೂ ರಾಜ್ಯಗಳಿಗೆ ಹಣಕಾಸು ಆಯೋಗದ ಪಾಲು ಸಿಗುವುದಿಲ್ಲ. ಪಾಲಿಗೆ ಬರುವುದು ಉಳಿದ 4 ರೂ. 83 ಪೈಸೆಯಲ್ಲಿ ಮಾತ್ರ. ಕೇಂದ್ರ ಇಳಿಸಲಿ ಎಂದು ರಾಜ್ಯ, ರಾಜ್ಯ ಇಳಿಸಲಿ ಎಂದು ಕೇಂದ್ರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಪೆಟ್ರೋಲು, ಡೀಸೆಲುಗಳನ್ನು ಹೊರಗಿಟ್ಟರು. 2021ರ ಸೆಪ್ಟೆಂಬರಿನಲ್ಲಿ ಲಕ್ನೋದಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿಯೂ ಇದಕ್ಕೆ ಕಾಲ ಕೂಡಿಬಂದಿಲ್ಲ ಎಂದಿತು. ಅಲ್ಲಿ ಮಾತ್ರ ಕೇಂದ್ರವೂ ರಾಜ್ಯಗಳೂ ಒಂದಾದವು.

ಇಳಿಸಿದ್ದೇ ಇಲ್ಲ ಎಂದರೆ ತಪ್ಪಾದೀತು. 2021ರ ನವೆಂಬರಿನಲ್ಲಿ ಕೇಂದ್ರವು ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಇಳಿಸಿತು, ನಮ್ಮ ರಾಜ್ಯವೂ 7 ರೂಪಾಯಿ ಇಳಿಸಿತು. 2022ರ ಮೇ ತಿಂಗಳಲ್ಲಿ ಕೇಂದ್ರ ಮತ್ತೆ 8 ಮತ್ತು 6 ರೂಪಾಯಿ ಕಡಿಮೆ ಮಾಡಿತು. ಆದರೆ 2024ರ ಜೂನಿನಲ್ಲಿ ರಾಜ್ಯದ ತೆರಿಗೆ ಏರಿತು. 2025ರ ಏಪ್ರಿಲಿನಲ್ಲಿ ಡೀಸೆಲಿಗೆ ರಾಜ್ಯವೂ, ಎರಡಕ್ಕೂ ಕೇಂದ್ರವೂ ಮತ್ತೆ ಏರಿಸಿದವು. ಯಾವ ಪಕ್ಷ ಗದ್ದುಗೆಯಲ್ಲಿದ್ದರೂ ಎಣ್ಣೆಯ ದುಡ್ಡಿನ ರುಚಿ ಬಿಡುವುದು ಕಷ್ಟ.

ಹಾಗೆಂದು ತೆರಿಗೆಯೇ ಬೇಡವೆಂದು ನಾವು ಹೇಳುವುದಿಲ್ಲ. 2000ನೇ ಇಸವಿಯ ಕೇಂದ್ರ ರಸ್ತೆ ನಿಧಿ ಕಾಯಿದೆಯು ಡೀಸೆಲ್ ಸೆಸ್ಸಿನ ಅರ್ಧವನ್ನು ಹಳ್ಳಿ ರಸ್ತೆಗಳಿಗೆ ಮೀಸಲಿಟ್ಟಿತು. ಅದೇ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಮಳೆಗಾಲದಲ್ಲಿ ಗಾಡಿ ಹೂತುಹೋಗುತ್ತಿದ್ದ ಎಷ್ಟೋ ಹಳ್ಳಿಗಳಿಗೆ ಡಾಂಬರು ಬಂದದ್ದು ಹೀಗೆ. ಕೊಟ್ಟದ್ದು ಕಣ್ಣಿಗೆ ಕಂಡಾಗ ಜನ ಗೊಣಗುವುದಿಲ್ಲ. ನಮ್ಮ ತಕರಾರು ಇಷ್ಟೇ: ಹೊಲದಲ್ಲೇ ಉರಿದುಹೋಗುವ ಡೀಸೆಲಿಗೂ ರಸ್ತೆಯ ಸೆಸ್ ಏಕೆ? ಇಂಗ್ಲೆಂಡಿನಲ್ಲಿ ಬೇಸಾಯಕ್ಕೆ ಬಣ್ಣ ಬೆರೆಸಿದ ಕಡಿಮೆ ಸುಂಕದ ಡೀಸೆಲ್ ಕೊಡುತ್ತಾರೆ. ಸೀಮೆಎಣ್ಣೆಯ ಕಲಬೆರಕೆ ಕಂಡ ನಮಗೆ ಅದರ ಅಪಾಯವೂ ಗೊತ್ತು. ಸಣ್ಣ ಹಿಡುವಳಿದಾರನ ಖಾತೆಗೇ ಇಷ್ಟು ಲೀಟರಿನ ಸುಂಕ ವಾಪಸು ಹಾಕುವುದಾದರೆ ಕಳ್ಳದಾರಿಗೆ ಜಾಗ ಕಡಿಮೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ಬಂಕಿನಲ್ಲಿ ತಪ್ಪದೆ ಬಿಲ್ ಕೇಳಿ ಪಡೆಯಿರಿ. ಒಂದು ಹಂಗಾಮಿನ ಉಳುಮೆ, ಸಾಗಾಟಕ್ಕೆ ಹೋದ ಡೀಸೆಲಿನ ಲೆಕ್ಕ ಬರೆದಿಡಿ. ಮುಂದಿನ ಸರ್ವಸದಸ್ಯರ ಸಭೆಗೆ ಅದನ್ನು ತನ್ನಿ. ಒಬ್ಬರ ಗೊಣಗಾಟ ಕಟ್ಟೆಯ ಮಾತಾಗಿ ಹೋಗುತ್ತದೆ. ನೂರಾರು ಮನೆಗಳ ಲೆಕ್ಕ ಸೇರಿದ ಠರಾವು ಜಿಲ್ಲಾ ಬ್ಯಾಂಕಿಗೂ, ಶಾಸಕರಿಗೂ, ಸಂಸದರಿಗೂ ಹೋದರೆ ಅದಕ್ಕೆ ತೂಕ ಬರುತ್ತದೆ. ಹನಿ ಹನಿಯಾಗಿ ನಮ್ಮಿಂದ ಹೋದ ದುಡ್ಡಿಗೆ ಹನಿ ಹನಿಯಾಗಿಯೇ ಲೆಕ್ಕ ಕೇಳೋಣ. ಸಹಕಾರವೆಂದರೆ ಅದೂ ಹೌದಲ್ಲವೇ?